ಸೆಬಿ ಕೇಳಿತು ಅಂತ ವಕೀಲರ ಅಭಿಪ್ರಾಯವನ್ನೂ ಕೊಟ್ಟುಬಿಡಬೇಡಿ

ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ (ರೆಗ್ಯುಲೇಟರ್) ಸೆಬಿಯಿಂದ, ಅಂದರೆ ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ಸೆಬಿ ಭವನದಿಂದ ಒಂದು ಮೇಲ್ ಬಂದರೆ ಸಾಕು, ಕಂಪನಿಯೊಳಗೆ ಎಲ್ಲರ ಮುಖ ಬಿಳಿಚಿಕೊಳ್ಳುತ್ತದೆ. ಮಾಹಿತಿ ಕೊಡಿ, ದಾಖಲೆ ಕೊಡಿ, ವಾರದೊಳಗೆ ಕೊಡಿ. ಆಮೇಲೆ ಶುರುವಾಗುವ ಓಡಾಟ ನೋಡಬೇಕು. ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್‌ನವರು ಅಕೌಂಟ್ಸ್‌ನವರನ್ನು ಕೇಳುತ್ತಾರೆ, ಅಕೌಂಟ್ಸ್‌ನವರು ಐಟಿಯವರನ್ನು ಕೇಳುತ್ತಾರೆ, ಐಟಿಯವರು ಆ ವ್ಯವಹಾರದ ಹೆಸರು ಹಾಕಿ ಹುಡುಕಿ, ಸಿಕ್ಕ ಮೇಲ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ಸುರಿದು ಕೈತೊಳೆದುಕೊಳ್ಳುತ್ತಾರೆ, ಆ ಫೋಲ್ಡರ್ ಹಾಗೇ ಪೆನ್‌ಡ್ರೈವ್ ಸೇರಿ ಸೆಬಿಗೆ ಹೋಗುತ್ತದೆ. ಒಳಗೆ ಏನಿದೆ ಅಂತ ಯಾರೂ ಕೂತು ಓದಿರುವುದಿಲ್ಲ.

ಒಳಗೆ ವಕೀಲರ ಅಭಿಪ್ರಾಯವೂ ಇರುತ್ತದೆ. ‘ಈ ವ್ಯವಹಾರದಲ್ಲಿ ಇಂಥ ಅಪಾಯ ಇದೆ, ಹೀಗೆ ಮಾಡಿದರೆ ಸೆಬಿ ಪ್ರಶ್ನೆ ಎತ್ತಬಹುದು’ ಅಂತ ವಕೀಲರು ಬಿಚ್ಚುಮನಸ್ಸಿನಿಂದ ಬರೆದ ಮೇಲ್. ಅದನ್ನು ಬರೆಸಿಕೊಂಡಿದ್ದು ತಪ್ಪು ಮಾಡುವುದಕ್ಕಲ್ಲ, ತಪ್ಪಾಗದಿರಲಿ ಅಂತ. ಆದರೆ ಮೂರು ವರ್ಷ ಕಳೆದ ಮೇಲೆ ಅದೇ ಮೇಲ್ ಸೆಬಿಯ ಶೋಕಾಸ್ (ಕಾರಣ ಕೇಳುವ) ನೋಟಿಸಿನಲ್ಲಿ ‘ಗೊತ್ತಿದ್ದೂ ಮಾಡಿದ್ದಾರೆ’ ಅನ್ನುವುದಕ್ಕೆ ಸಾಕ್ಷಿಯಾಗಿ ಬಂದು ಕೂರುತ್ತದೆ.

ನಾನು ಮುಂಬೈಯ ಫೋರ್ಟ್‌ನಲ್ಲಿ ಕಚೇರಿ ಇಟ್ಟುಕೊಂಡಿರುವ ವಕೀಲ. ಸಣ್ಣ ಮತ್ತು ಮಧ್ಯಮ ಲಿಸ್ಟೆಡ್ ಕಂಪನಿಗಳು, ಬ್ರೋಕರ್‌ಗಳು ನನ್ನ ಕಕ್ಷಿದಾರರು. ಮುಂಬೈಯಲ್ಲಿ ನಮ್ಮವರು ಅಂದರೆ ಹೋಟೆಲಿನವರು ಅಂತಲೇ ಊರಲ್ಲಿ ಇನ್ನೂ ಅಂದುಕೊಳ್ಳುತ್ತಾರೆ. ಆದರೆ ದಲಾಲ್ ಸ್ಟ್ರೀಟಿನಿಂದ ಬಿಕೆಸಿವರೆಗೆ ಕಂಪ್ಲಯನ್ಸ್ ಕೆಲಸದಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಸಿಎಗಳು, ಕಂಪನಿ ಸೆಕ್ರೆಟರಿಗಳು, ಸಂಬಳದ ವಕೀಲರು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲೋ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮ ಮುಗಿದ ಮೇಲೆ ಇವರು ಸಿಕ್ಕಾಗ ಈ ಮಾತು ಬಂದೇ ಬರುತ್ತದೆ: ‘ವಕೀಲ್ರೇ, ರೆಗ್ಯುಲೇಟರ್ ಕೇಳಿದ ಮೇಲೆ ಕೊಡದೇ ಇರೋಕ್ಕಾಗುತ್ತಾ?’ ಕುಂದಾಪುರ ಕಡೆಯ ಒಬ್ಬ ಮಾಲೀಕರು ಅದನ್ನೇ ಇನ್ನೊಂದು ಥರ ಕೇಳಿದರು. ‘ನಮ್ದು ಏನೂ ತಪ್ಪಿಲ್ಲ ಅಂದ್ಮೇಲೆ ಯಾಕೆ ಮುಚ್ಚಿಡ್ಬೇಕು?’

ಮುಚ್ಚಿಡುವ ಮಾತೇ ಅಲ್ಲ ಶೆಟ್ರೇ, ಅಂದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಕಾಂಟ್ರಾಕ್ಟ್ ನೋಟ್, ಬೋರ್ಡ್ ಮೀಟಿಂಗಿನ ನಡಾವಳಿ, ಒಪ್ಪಂದ, ಲೆಡ್ಜರ್, ಇವನ್ನೆಲ್ಲ ಕೊಡಲೇಬೇಕು. ನಡೆದ ಸಂಗತಿಗೆ ಯಾವ ಗೋಪ್ಯತೆಯೂ ಇಲ್ಲ. ಲೆಡ್ಜರನ್ನು ವಕೀಲರಿಗೆ ಮೇಲ್ ಮಾಡಿದ ಮಾತ್ರಕ್ಕೆ ಅದು ಗುಟ್ಟಿನ ಕಾಗದ ಆಗುವುದಿಲ್ಲ. ಕಾನೂನು ಕಾಪಾಡುವುದು ನೀವು ವಕೀಲರ ಹತ್ತಿರ ಆಡಿದ ಮಾತನ್ನು, ಅವರು ನಿಮಗೆ ಕೊಟ್ಟ ಸಲಹೆಯನ್ನು. ಅದನ್ನೇ ನಮ್ಮ ಕಡೆ ಎಲ್ಲರೂ ಪ್ರಿವಿಲೇಜ್ ಅನ್ನುವುದು.

ನಮ್ಮಲ್ಲಿ ಇದು ಹೊಸದೇನಲ್ಲ. 1872ರ ಸಾಕ್ಷ್ಯ ಕಾಯಿದೆಯ 126ರಿಂದ 129ನೇ ಸೆಕ್ಷನ್‌ಗಳಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ವಿಷಯ 132, 133, 134ನೇ ಸೆಕ್ಷನ್‌ಗಳಲ್ಲಿದೆ. 132 ವಕೀಲರ ಬಾಯಿ ಕಟ್ಟುತ್ತದೆ: ಕಕ್ಷಿದಾರ ಸ್ಪಷ್ಟವಾಗಿ ಒಪ್ಪದ ಹೊರತು ಅವನು ಹೇಳಿದ್ದನ್ನಾಗಲಿ ಅವನಿಗೆ ಕೊಟ್ಟ ಸಲಹೆಯನ್ನಾಗಲಿ ವಕೀಲರು ಹೊರಗೆ ಹೇಳುವಂತಿಲ್ಲ. 134 ಕಕ್ಷಿದಾರನಿಗೇ ರಕ್ಷಣೆ ಕೊಡುತ್ತದೆ: ಅವನಾಗಿಯೇ ಸಾಕ್ಷಿಯಾಗಿ ನಿಂತರೆ ಬೇರೆ ಮಾತು, ಇಲ್ಲದಿದ್ದರೆ ವಕೀಲರ ಜೊತೆ ಗೋಪ್ಯವಾಗಿ ಮಾತಾಡಿದ್ದನ್ನು ಕೋರ್ಟಿಗೆ ಹೇಳು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಇಲ್ಲಿ ಗಮನಿಸಬೇಕಾದ್ದು ಒಂದೇ. ಈ ಹಕ್ಕು ವಕೀಲರದ್ದಲ್ಲ, ಕಕ್ಷಿದಾರನದ್ದು. ಬಿಟ್ಟುಕೊಡುವವನೂ ಅವನೇ. ಹಾಗಾಗಿ ಪೆನ್‌ಡ್ರೈವ್ ತುಂಬುವ ಐಟಿ ಹುಡುಗನಿಗೆ ಗೊತ್ತೋ ಗೊತ್ತಿಲ್ಲವೋ, ಅವನು ಕಂಪನಿಯ ಪರವಾಗಿ ಒಂದು ಹಕ್ಕನ್ನೇ ಬಿಟ್ಟುಕೊಡುತ್ತಿರಬಹುದು.

ಇದಕ್ಕೆ ಮಿತಿಗಳೂ ಇವೆ. ಕಾನೂನಿಗೆ ವಿರುದ್ಧವಾದ ಕೆಲಸಕ್ಕೆಂದೇ ವಕೀಲರ ಸಲಹೆ ಕೇಳಿದ್ದರೆ ರಕ್ಷಣೆ ಇಲ್ಲ. ವಕೀಲರನ್ನು ನೇಮಿಸಿಕೊಂಡ ಮೇಲೆ ನಡೆದ ಅಪರಾಧವೋ ವಂಚನೆಯೋ ಅವರ ಕಣ್ಣಿಗೆ ಬಿದ್ದರೆ ಅದಕ್ಕೂ ಇಲ್ಲ. ಅದು ಹಾಗೇ ಇರಬೇಕು ಕೂಡ.

2025ರಲ್ಲಿ ಈ ವಿಷಯ ದೊಡ್ಡದಾಗಿ ಎದ್ದಿತು. ಒಂದು ಕಂಪನಿಯ ಷೇರು ಹಂಚಿಕೆ ಬಗ್ಗೆ ಕಾನೂನು ಅಭಿಪ್ರಾಯ ಕೊಟ್ಟ ವಿಷಯದಲ್ಲಿ ಹಿರಿಯ ವಕೀಲರಾದ ಅರವಿಂದ್ ದಾತಾರ್ ಮತ್ತು ಪ್ರತಾಪ್ ವೇಣುಗೋಪಾಲ್ ಅವರಿಗೆ ಜಾರಿ ನಿರ್ದೇಶನಾಲಯ (ಇ.ಡಿ.) ಸಮನ್ಸ್ ಕಳಿಸಿತು. ವಕೀಲರ ಸಂಘಗಳು ಸಿಡಿದೆದ್ದವು, ಸಮನ್ಸ್ ವಾಪಸ್ ಹೋಯಿತು. ತನ್ನ ನಿರ್ದೇಶಕರ ಒಪ್ಪಿಗೆ ಇಲ್ಲದೆ ವಕೀಲರನ್ನು ಕರೆಸಬಾರದು ಅಂತ ಇ.ಡಿ.ಯೇ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. 132ರಲ್ಲೇ ಹೇಳಿರುವ ವಿನಾಯಿತಿಗಳ ಹೊರತು, ಕಕ್ಷಿದಾರನ ವಿಷಯ ತಿಳಿಯಲು ವಕೀಲರಿಗೆ ಸಮನ್ಸ್ ಕೊಡುವಂತಿಲ್ಲ. ವಿನಾಯಿತಿಯಡಿ ಕೊಡುವುದಾದರೂ ಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ಮೇಲಧಿಕಾರಿ ಲಿಖಿತವಾಗಿ ಒಪ್ಪಬೇಕು. ವಕೀಲರ ಲ್ಯಾಪ್‌ಟಾಪ್, ಫೋನ್ ಬೇಕಾದರೆ ಕೋರ್ಟಿನ ಮುಂದೆ ಹಾಜರುಪಡಿಸಬೇಕು, ಬೇರೆ ಕಕ್ಷಿದಾರರ ಗುಟ್ಟು ಹೊರಬೀಳದಂತೆ ನೋಡಿಕೊಳ್ಳಬೇಕು. ಪೇಪರಿನಲ್ಲಿ ಬಂದಿದ್ದು ಇಷ್ಟು. ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ.

ಆದರೆ ಅದೇ ತೀರ್ಪಿನಲ್ಲಿ ನಮ್ಮ ಕಂಪ್ಲಯನ್ಸ್ ಮಿತ್ರರು ಕೂತು ಓದಬೇಕಾದ ಇನ್ನೆರಡು ಮಾತಿವೆ. ಒಂದು, ಕಕ್ಷಿದಾರನ ದಾಖಲೆ ವಕೀಲರ ಬಳಿ ಇದೆ ಅನ್ನುವ ಕಾರಣಕ್ಕೆ ಅದನ್ನು ಹಾಜರುಪಡಿಸದೆ 132ರ ಹಿಂದೆ ಅವಿತುಕೊಳ್ಳುವಂತಿಲ್ಲ. ಎರಡನೆಯದು ಮುಂಬೈಯ ಸಾವಿರಾರು ಜನಕ್ಕೆ ನೇರವಾಗಿ ತಟ್ಟುವಂಥದ್ದು. ಕಂಪನಿಯಲ್ಲಿ ಸಂಬಳಕ್ಕೆ ಇರುವ ಕಾನೂನು ಅಧಿಕಾರಿ ಕೋರ್ಟಿನಲ್ಲಿ ವಕೀಲಿಕೆ ಮಾಡುವ ವಕೀಲನಲ್ಲ, ಹಾಗಾಗಿ ಅವನಿಗೆ 132ರ ರಕ್ಷಣೆ ಇಲ್ಲ. ಕಂಪನಿಯ ಹೊರಗಿನ ವಕೀಲರ ಜೊತೆ ಅವನು ನಡೆಸಿದ ಮಾತುಕತೆಗೆ 134ರಲ್ಲಿ ರಕ್ಷಣೆ ಸಿಗುತ್ತದೆ. ಆದರೆ ಕಂಪನಿಗೂ ಅವನಿಗೂ ನಡುವೆ ಓಡಾಡಿದ ಮೇಲ್‌ಗಳಿಗೆ ಸಿಗುವುದಿಲ್ಲ.

ಇದು ನನಗೆ ನಿಜಕ್ಕೂ ಬೇಸರ ತಂದ ಮಾತು. ನಮ್ಮ ಬಾಂಬೆ ಹೈಕೋರ್ಟೇ ವಿಜಯ್ ಮೆಟಲ್ ವರ್ಕ್ಸ್ ಪ್ರಕರಣದಲ್ಲಿ (1982ರಲ್ಲಿ ವರದಿಯಾದದ್ದು, ಮುಂಬೈ ಮಹಾನಗರಪಾಲಿಕೆ ಒಂದು ಕಡೆ ಇತ್ತು) ಸಂಬಳದ ಕಾನೂನು ಅಧಿಕಾರಿ ಕೊಡುವ ಸಲಹೆಗೂ ಇದೇ ರಕ್ಷಣೆ ಇದೆ ಅಂದಿತ್ತು. ಇಷ್ಟು ವರ್ಷ ಈ ಊರಿನ ಕಂಪನಿಗಳು ಅದನ್ನು ನಂಬಿಕೊಂಡು ಬಂದವು. ಯುರೋಪಿನಲ್ಲಿ 2010ರ ಆಕ್ಜೊ ನೊಬೆಲ್ ತೀರ್ಪು ಸ್ಪರ್ಧಾ ಕಾನೂನಿನ ತನಿಖೆಗಳಲ್ಲಿ ಒಳಗಿನ ವಕೀಲರಿಗೆ ರಕ್ಷಣೆ ಇಲ್ಲ ಅಂತ ಹೇಳಿತ್ತು, ಈಗ ನಾವೂ ಆ ದಾರಿಗೆ ಬಂದೆವು. ವಿಷಯ ಏನೆಂದರೆ ಬೆಳಗ್ಗೆಯಿಂದ ಸಂಜೆವರೆಗೆ ಕಂಪನಿಯನ್ನು ‘ಇದು ಮಾಡಬೇಡಿ, ಅದು ಮಾಡಬೇಡಿ’ ಅಂತ ತಡೆಯುವವರು ಈ ಒಳಗಿನ ವಕೀಲರೇ. ಅವರು ಬರೆದದ್ದೆಲ್ಲ ನಾಳೆ ಹೊರಬರುತ್ತದೆ ಅಂದರೆ ಅವರು ಬರೆಯುವುದನ್ನೇ ನಿಲ್ಲಿಸುತ್ತಾರೆ. ಬರೆಯುವುದು ನಿಂತರೆ ತಡೆಯುವುದೂ ನಿಲ್ಲುತ್ತದೆ, ಅಲ್ವಾ?

ಸಿಎ ಮಿತ್ರರಿಗೂ ಒಂದು ಮಾತು. 132 ಹೇಳುವುದು ವಕೀಲರ ಬಗ್ಗೆ, ಮತ್ತು ವಕೀಲರ ಗುಮಾಸ್ತರು, ನೌಕರರು, ದುಭಾಷಿಗಳ ಬಗ್ಗೆ. ಸಿಎ, ಕಂಪನಿ ಸೆಕ್ರೆಟರಿ ಅದರಲ್ಲಿ ಬರುವುದಿಲ್ಲ. ಅದೇ ತೆರಿಗೆ ಸಲಹೆಯನ್ನು ವಕೀಲರು ಕೊಟ್ಟರೆ ರಕ್ಷಣೆ ಇದೆ, ಸಿಎ ಕೊಟ್ಟರೆ ಇಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ 2013ರಲ್ಲಿ ಪ್ರುಡೆನ್ಷಿಯಲ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ನ್ಯಾಯವೋ ಅನ್ಯಾಯವೋ, ಸದ್ಯದ ಸ್ಥಿತಿ ಇದು.

ಇನ್ನು ಸೆಬಿಯ ಅಧಿಕಾರ. ಭಯ ಹುಟ್ಟುವುದೇ ಇಲ್ಲಿ. ಸೆಬಿ ಕಾಯಿದೆಯ 11ಸಿ ಸೆಕ್ಷನ್ ಪ್ರಕಾರ ತನಿಖಾಧಿಕಾರಿ ಕೇಳಿದ ದಾಖಲೆಯನ್ನು ಸಕಾರಣವಿಲ್ಲದೆ ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲೆ ದಿನಕ್ಕೆ 5 ಲಕ್ಷದವರೆಗೆ ಇನ್ನಷ್ಟು. 15ಎ ಸೆಕ್ಷನ್ನಿನಲ್ಲಿ ಬೇರೆಯೇ ದಂಡ ಇದೆ, ಕನಿಷ್ಠ 1 ಲಕ್ಷದಿಂದ 1 ಕೋಟಿವರೆಗೆ. ಇದನ್ನು ಓದಿದ ಯಾವ ಕಂಪ್ಲಯನ್ಸ್ ಆಫೀಸರ್ ತಾನೇ ಧೈರ್ಯವಾಗಿ ‘ಕೊಡಲ್ಲ’ ಅನ್ನುತ್ತಾರೆ? ಮನೆ ಸಾಲದ ಇಎಂಐ ಇದೆ, ಮಕ್ಕಳ ಫೀಸಿದೆ. ಅವರನ್ನು ದೂರುವ ಹಾಗೂ ಇಲ್ಲ.

ಆದರೆ ಆ ಸೆಕ್ಷನ್ನಿನ ಒಳಗೇ ಇರುವ ‘ಸಕಾರಣವಿಲ್ಲದೆ’ ಅನ್ನುವುದನ್ನು ಇನ್ನೊಮ್ಮೆ ಓದಿ. ಸಂಸತ್ತೇ ಕೊಟ್ಟ ಗೋಪ್ಯತೆಯ ಹಕ್ಕಿಗಿಂತ ದೊಡ್ಡ ಕಾರಣ ಇನ್ನೇನು ಬೇಕು? ಇನ್ನೊಂದು ವಾದವೂ ಇದೆ. 134 ಮಾತಾಡುವುದು ಕೋರ್ಟಿನ ಬಗ್ಗೆ, ಸೆಬಿ ಕೋರ್ಟಲ್ಲವಲ್ಲ ಅಂತ ಕೆಲವು ಅಧಿಕಾರಿಗಳು ಹೇಳುತ್ತಾರೆ. ಆದರೆ ದಾಖಲೆ ತರಿಸಿಕೊಳ್ಳುವ ವಿಷಯದಲ್ಲಿ ಸೆಬಿ ಕಾಯಿದೆಯ 11(3) ಸೆಬಿಗೆ ಕೊಟ್ಟಿರುವುದು ಸಿವಿಲ್ ಕೋರ್ಟಿಗೆ ಇರುವ ಅಧಿಕಾರವನ್ನೇ. ಕೋರ್ಟೇ ಬಲವಂತವಾಗಿ ಪಡೆಯಲಾಗದ್ದನ್ನು ಕೋರ್ಟಿನ ಅಧಿಕಾರ ಎರವಲು ಪಡೆದವರು ಹೇಗೆ ಪಡೆಯುತ್ತಾರೆ? ನಾನು ಬರೆಯುವ ಉತ್ತರಗಳಲ್ಲಿ ಇದು ತಪ್ಪದೆ ಇರುತ್ತದೆ. ಇಂಗ್ಲೆಂಡಿನಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಅನ್ನುವ ಕಂಪನಿಯ ಕಡತ ಕೇಳಿದ ಲೆಕ್ಕಪತ್ರ ನಿಯಂತ್ರಕರಿಗೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಇದನ್ನೇ ಹೇಳಿತು: ರೆಗ್ಯುಲೇಟರ್ ಅನ್ನುವ ಕಾರಣಕ್ಕೆ ಪ್ರಿವಿಲೇಜ್ ಕರಗಿ ಹೋಗುವುದಿಲ್ಲ.

ಹಾಗಾದರೆ ಒಮ್ಮೆ ಕೊಟ್ಟುಬಿಟ್ಟರೆ ಏನಾಗುತ್ತದೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೆ. ನಾವು ಸೆಬಿಗೆ ಮಾತ್ರ ಕೊಟ್ಟೆವು ಅಂತ ಅಂದುಕೊಂಡಿರುತ್ತೇವೆ. ಆದರೆ ಅದು ಅಲ್ಲೇ ಉಳಿಯುತ್ತದೆ ಅನ್ನುವ ಖಾತ್ರಿ ಎಲ್ಲಿದೆ? 2022ರ ಫೆಬ್ರವರಿಯಲ್ಲಿ ಟಿ. ಟಕಾನೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಅಂದರೆ, ಶೋಕಾಸ್ ನೋಟಿಸ್ ಕೊಟ್ಟ ಮೇಲೆ ಅದಕ್ಕೆ ಸಂಬಂಧಪಟ್ಟ ತನಿಖಾ ವರದಿಯನ್ನು ಸೆಬಿ ಆ ವ್ಯಕ್ತಿಗೆ ತೋರಿಸಬೇಕು. ಮೂರನೆಯವರ ಸೂಕ್ಷ್ಮ ಮಾಹಿತಿ ಇದ್ದರೆ ಅಷ್ಟು ಭಾಗ ಮುಚ್ಚಬಹುದು, ಪೂರ್ತಿ ತಡೆಹಿಡಿಯುವಂತಿಲ್ಲ. ಬಹಳ ಒಳ್ಳೆಯ ತೀರ್ಪು, ನೋಟಿಸ್ ಪಡೆದವರ ಪರವಾಗಿ ನಾನೇ ಎಷ್ಟೋ ಸಲ ಅದನ್ನು ಬಳಸಿದ್ದೇನೆ. ಆದರೆ ಅದರ ಇನ್ನೊಂದು ಮುಖ ನೋಡಿ. ನಿಮ್ಮ ಜೊತೆ ಅದೇ ಪ್ರಕರಣದಲ್ಲಿ ನೋಟಿಸ್ ಪಡೆದ ಇನ್ನೊಬ್ಬರು, ಅವರು ನಿಮ್ಮ ಹಳೇ ಪಾಲುದಾರರೋ ಕೆಲಸದಿಂದ ತೆಗೆದ ಹಣಕಾಸು ಮುಖ್ಯಸ್ಥನೋ (ಸಿಎಫ್‌ಒ) ಆಗಿರಬಹುದು, ಅವರ ಕೈಗೆ ನಿಮ್ಮ ವಕೀಲರ ಮಾತು ಹೋಗುವ ದಾರಿ ಅದು.

ಬ್ಯಾಂಕಿನವರಿಗೆ ಇನ್ನೊಂದು ದಾರಿ ಗೊತ್ತಿದೆ. 2015ರ ಡಿಸೆಂಬರ್ 16ರಂದು ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ, ಬ್ಯಾಂಕುಗಳ ತಪಾಸಣಾ ವರದಿಗಳನ್ನು ‘ನಂಬಿಕೆಯ ಸಂಬಂಧದಲ್ಲಿ ಸಿಕ್ಕಿದ್ದು’ ಅಂತ ಹೇಳಿ ಆರ್‌ಬಿಐ ಮಾಹಿತಿ ಹಕ್ಕಿನಡಿ ತಡೆಹಿಡಿಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಜನರಿಗೆ ತಿಳಿಯಬೇಕಾದ್ದು ತಿಳಿಯಲಿ, ಅದರಲ್ಲಿ ನನಗೆ ತಕರಾರಿಲ್ಲ. ನಾನು ಹೇಳುವುದು ಇಷ್ಟೇ: ‘ರೆಗ್ಯುಲೇಟರ್‌ಗೆ ಕೊಟ್ಟಿದ್ದು ಗುಟ್ಟಾಗಿಯೇ ಇರುತ್ತದೆ’ ಅಂತ ನೆಚ್ಚಿಕೊಂಡು ವಕೀಲರ ಅಭಿಪ್ರಾಯ ಕೊಡಬೇಡಿ.

ರೆಗ್ಯುಲೇಟರ್‌ಗೆ ಕೊಟ್ಟರೆ ಉಳಿದವರ ಎದುರೂ ಹಕ್ಕು ಹೋಗುತ್ತದಾ? ಹೊರದೇಶಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಇವೆ. ಇಂಗ್ಲೆಂಡಿನಲ್ಲಿ ಸೀಮಿತ ವೇವರ್ ಒಪ್ಪುತ್ತಾರೆ. ಅಂದರೆ ಇಂಥ ಕೆಲಸಕ್ಕೆ ಮಾತ್ರ, ಗೋಪ್ಯವಾಗಿಡುವ ಷರತ್ತಿನ ಮೇಲೆ ಒಬ್ಬರಿಗೆ ತೋರಿಸಿದರೆ ಉಳಿದ ಲೋಕಕ್ಕೆ ಅದು ಗುಟ್ಟಾಗಿಯೇ ಉಳಿಯುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 1978ರಲ್ಲಿ ಒಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಡೈವರ್ಸಿಫೈಡ್ ಪ್ರಕರಣದಲ್ಲಿ ಇದನ್ನು ಒಪ್ಪಿತ್ತು. ಆದರೆ ಆಮೇಲೆ ಬಂದ ಹೆಚ್ಚಿನ ನ್ಯಾಯಾಲಯಗಳು ಒಪ್ಪಲಿಲ್ಲ. 2006ರಲ್ಲಿ ಕ್ವೆಸ್ಟ್ ಅನ್ನುವ ಟೆಲಿಫೋನ್ ಕಂಪನಿ ತನಿಖಾ ಸಂಸ್ಥೆಗಳಿಗೆ ಕೊಟ್ಟ ಕಾಗದಗಳನ್ನೇ ಷೇರುದಾರರ ದಾವೆಯಲ್ಲೂ ಕೊಡಬೇಕಾಗಿ ಬಂತು. ಸರ್ಕಾರಕ್ಕೆ ಕೊಟ್ಟಿರಿ ಅಂದಮೇಲೆ ಎದುರಾಳಿಗೂ ಕೊಡಿ, ಅಷ್ಟೇ. ಅಮೆರಿಕದಲ್ಲಿ ಎಡಿಆರ್ (ಷೇರಿನ ಬದಲಿಗೆ ಅಲ್ಲಿ ಮಾರಾಟವಾಗುವ ರಸೀತಿ) ಲಿಸ್ಟ್ ಮಾಡಿರುವ ನಮ್ಮ ಕಂಪನಿಗಳು ಇಲ್ಲಿ ಬಿಕೆಸಿಯಲ್ಲಿ ಕೊಟ್ಟ ಕಾಗದದ ಬಿಸಿಯನ್ನು ನ್ಯೂಯಾರ್ಕಿನಲ್ಲಿ ಅನುಭವಿಸಬಹುದು.

ಕಾಗದ ಕೊಡದೆ ಬಾಯಲ್ಲಿ ಹೇಳಿದರೆ ಪರವಾಗಿಲ್ಲ ಅಂದುಕೊಂಡವರಿಗೂ ಅಮೆರಿಕದಲ್ಲಿ ಪೆಟ್ಟು ಬಿದ್ದಿದೆ. 2017ರ ಹೆರೆರಾ ಪ್ರಕರಣದಲ್ಲಿ ಕಂಪನಿಯ ವಕೀಲರು ನೌಕರರನ್ನು ವಿಚಾರಿಸಿ ಬರೆದುಕೊಂಡ ಟಿಪ್ಪಣಿಗಳ ಸಾರವನ್ನು ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಅಧಿಕಾರಿಗಳಿಗೆ ಬಾಯಲ್ಲೇ ಹೇಳಿದ್ದರು. ಟಿಪ್ಪಣಿಯನ್ನೇ ಕೊಟ್ಟ ಹಾಗಾಯಿತು ಇದು, ರಕ್ಷಣೆ ಹೋಯಿತು ಅಂತ ಫ್ಲೋರಿಡಾದ ಕೋರ್ಟ್ ಹೇಳಿತು.

ನಮ್ಮ ಕಾಯಿದೆಯಲ್ಲಿ ಸೀಮಿತ ವೇವರ್ ಬಗ್ಗೆ ಒಂದು ಸಾಲೂ ಇಲ್ಲ. 133 ಹೇಳುವುದು ಬೇರೆ ಸಂಗತಿ: ಕಕ್ಷಿದಾರ ತಾನೇ ಸಾಕ್ಷ್ಯ ನುಡಿದ ಮಾತ್ರಕ್ಕೆ ವಕೀಲರ ಬಾಯಿ ಬಿಚ್ಚಲು ಒಪ್ಪಿದ ಹಾಗಾಗುವುದಿಲ್ಲ, ವಕೀಲರನ್ನೇ ಸಾಕ್ಷಿಯಾಗಿ ಕರೆಸಿ ಆ ಗುಟ್ಟಿನ ವಿಷಯವನ್ನೇ ಪ್ರಶ್ನೆ ಮಾಡಿದರೆ ಮಾತ್ರ ಒಪ್ಪಿದ ಹಾಗೆ. ಕಾಗದವನ್ನು ರೆಗ್ಯುಲೇಟರ್‌ಗೆ ಕೊಟ್ಟರೆ ಏನು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾಗಾಗಿ ಕೊಡುವ ಮುಂಚೆಯೇ ಯೋಚಿಸಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಕಂಪನಿಗಳು ಇನ್ನೊಂದು ಕೆಲಸ ಮಾಡುತ್ತವೆ, ಅದು ಇನ್ನೂ ಜಾಸ್ತಿ ಅಪಾಯ. ವಕೀಲರ ಅಭಿಪ್ರಾಯ ತಮ್ಮ ಪರವಾಗಿದ್ದರೆ ಅದರಿಂದ ಎರಡು ಸಾಲು ಎತ್ತಿ ಉತ್ತರದಲ್ಲಿ ಹಾಕಿ, ‘ನಾವು ಕಾನೂನು ಸಲಹೆ ಪಡೆದೇ ಮಾಡಿದ್ದೇವೆ’ ಅಂತ ಬರೆಯುವುದು. ಉಳಿದ ಹತ್ತು ಪುಟ ಮಾತ್ರ ಗುಟ್ಟು! ಹಾಗೆ ನಡೆಯುವುದಿಲ್ಲ. ಇದನ್ನು ಕಲಿತದ್ದು ಸ್ವತಃ ಸೆಬಿಯೇ. ರಿಲಯನ್ಸ್ ಇಂಡಸ್ಟ್ರೀಸ್ ಮೇಲೆ ಹೂಡಿದ ಪ್ರಕರಣದಲ್ಲಿ ಸೆಬಿ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಭಿಪ್ರಾಯ ಪಡೆದಿತ್ತು, ಲೆಕ್ಕಪರಿಶೋಧಕ ವೈ.ಎಚ್. ಮಾಲೆಗಾಂ ಅವರ ವರದಿಯೂ ಇತ್ತು. ಅವುಗಳನ್ನು ಕೊಡಿ ಅಂತ ರಿಲಯನ್ಸ್ ಕೇಳಿದಾಗ ಸೆಬಿ ಪ್ರಿವಿಲೇಜ್ ಅಂದಿತು. 2022ರ ಆಗಸ್ಟ್ 5ರಂದು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಒಪ್ಪಲಿಲ್ಲ. ಬೇಕಾದಷ್ಟು ಭಾಗ ತೋರಿಸಿ ಬೇಡವಾದದ್ದನ್ನು ಅಡಗಿಸುವುದು ನ್ಯಾಯವಲ್ಲ, ಕೊಡಿ ಅಂದಿತು. ರೆಗ್ಯುಲೇಟರ್‌ಗೇ ಆರಿಸಿ ತೋರಿಸುವ ಸ್ವಾತಂತ್ರ್ಯ ಇಲ್ಲ ಅಂದಮೇಲೆ ನಮಗೆಲ್ಲಿಂದ ಬರಬೇಕು? ಸಲಹೆಯನ್ನು ಗುರಾಣಿ ಮಾಡಿಕೊಳ್ಳುವುದಾದರೆ ಪೂರ್ತಿ ಸಲಹೆ ತೋರಿಸಲು ತಯಾರಾಗಿರಬೇಕು. ಇಲ್ಲದಿದ್ದರೆ ಅದರ ಸುದ್ದಿಯನ್ನೇ ಎತ್ತಬಾರದು. ಬೋರ್ಡ್ ನಡಾವಳಿಯಲ್ಲೂ ಅಷ್ಟೇ. ‘ವಕೀಲರು ಅಪಾಯವಿಲ್ಲ ಎಂದು ತಿಳಿಸಿದರು’ ಅಂತ ವಿವರವಾಗಿ ಬರೆಯಬೇಡಿ, ‘ಕಾನೂನು ಸಲಹೆಯನ್ನು ಮಂಡಳಿ ಪರಿಗಣಿಸಿತು’ ಅಂತ ಬರೆದರೆ ಸಾಕು.

ಇನ್ನು ಮೇಜಿನ ಮೇಲೆ ನಿಜವಾಗಿ ಆಗುವ ಕೆಲಸ. ಒಂದು ಮೇಲ್ ಸರಪಳಿಯನ್ನೇ ತಗೊಳ್ಳಿ. ಮೇಲ್ಗಡೆ ಎಂಡಿ ‘ನೋಟೆಡ್, ಪ್ರೊಸೀಡ್’ ಅಂತ ಬರೆದಿರುತ್ತಾರೆ. ಅದರ ಕೆಳಗೆ ಸಿಎಫ್‌ಒ ಅವರ ಲೆಕ್ಕದ ಕೋಷ್ಟಕ. ಇನ್ನೂ ಕೆಳಗೆ ಇಳಿದರೆ ಹೊರಗಿನ ವಕೀಲರ ಒಂದೂವರೆ ಪುಟದ ಸಲಹೆ. ಅದರ ಕೆಳಗೆ ಆ ಸಲಹೆ ಕೇಳಿದ ಕಂಪನಿ ಸೆಕ್ರೆಟರಿಯ ಪ್ರಶ್ನೆ. ಪೂರ್ತಿ ಸರಪಳಿ ಕೊಡಬಾರದು, ಪೂರ್ತಿ ತಡೆಹಿಡಿಯಲೂಬಾರದು. ಎಂಡಿ ಮತ್ತು ಸಿಎಫ್‌ಒ ಮೇಲ್ ಕೊಡಬೇಕು, ಸಲಹೆ ಮತ್ತು ಸಲಹೆ ಕೇಳಿದ ಪ್ರಶ್ನೆ ಮುಚ್ಚಬೇಕು, ಮುಚ್ಚಿದ ಜಾಗದಲ್ಲಿ ಯಾಕೆ ಮುಚ್ಚಿದೆವು ಅಂತ ಬರೆಯಬೇಕು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ಸೂಕ್ಷ್ಮದ ಕೆಲಸ, ಟ್ರೇನೀಗೆ ಬಿಟ್ಟು ಮನೆಗೆ ಹೋಗುವಂಥದ್ದಲ್ಲ.

ಮುಚ್ಚುವುದರಲ್ಲೂ ಒಂದು ಅವಾಂತರ ನಡೆಯುತ್ತದೆ. ಪಿಡಿಎಫ್‌ನಲ್ಲಿ ಸಾಲಿನ ಮೇಲೆ ಕಪ್ಪು ಚೌಕ ಎಳೆದು ಮುಗಿಸಿಬಿಡುತ್ತಾರೆ. ಕಣ್ಣಿಗೆ ಕಪ್ಪಾಗಿ ಕಾಣುತ್ತದೆ, ಆದರೆ ಅಕ್ಷರ ಕೆಳಗೇ ಇರುತ್ತದೆ. ಆ ಜಾಗವನ್ನು ಸೆಲೆಕ್ಟ್ ಮಾಡಿ ಕಾಪಿ ಹೊಡೆದು ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿದರೆ ವಕೀಲರ ಮಾತೆಲ್ಲ ಅಚ್ಚುಕಟ್ಟಾಗಿ ಬಂದು ನಿಲ್ಲುತ್ತದೆ. ಕಳಿಸುವ ಮುಂಚೆ ಈ ಪರೀಕ್ಷೆ ನೀವೇ ಮಾಡಿ ನೋಡಿ. ಅಕ್ಷರವನ್ನೇ ತೆಗೆದುಹಾಕುವ ಸರಿಯಾದ ಸಾಧನ ಬಳಸಿ, ಇಲ್ಲದಿದ್ದರೆ ಮುದ್ರಿಸಿ, ಮಾರ್ಕರಿನಿಂದ ದಪ್ಪವಾಗಿ ಮುಚ್ಚಿ, ಆಮೇಲೆ ಸ್ಕ್ಯಾನ್ ಮಾಡಿ. ವರ್ಡ್ ಫೈಲಿನ ಕಾಮೆಂಟ್‌ಗಳು, ಟ್ರ್ಯಾಕ್ ಚೇಂಜಸ್, ಎಕ್ಸೆಲ್‌ನಲ್ಲಿ ಅಡಗಿಸಿಟ್ಟ ಶೀಟ್, ಇವನ್ನೂ ನೋಡಿ.

ತಡೆಹಿಡಿದ ಕಾಗದಗಳಿಗೆ ಒಂದು ಪಟ್ಟಿ ಮಾಡಿ: ತಾರೀಖು, ಯಾರಿಂದ, ಯಾರಿಗೆ, ಪ್ರತಿ ಯಾರಿಗೆ, ಯಾವ ಬಗೆಯ ಕಾಗದ, ತಡೆಹಿಡಿದ ಕಾರಣ. ಪಟ್ಟಿ ಕೊಟ್ಟರೆ ಅಧಿಕಾರಿಗೂ ನೀವು ಆಟ ಆಡುತ್ತಿಲ್ಲ ಅಂತ ಗೊತ್ತಾಗುತ್ತದೆ. ಪಟ್ಟಿ ಮಾಡುವಾಗ ಮೇಲ್‌ನ ಸಬ್ಜೆಕ್ಟ್ ಲೈನನ್ನು ಹಾಗೇ ಎತ್ತಿ ಹಾಕಬೇಡಿ, ಎಷ್ಟೋ ಸಲ ಗುಟ್ಟೆಲ್ಲ ಅದರಲ್ಲೇ ಇರುತ್ತದೆ. ಮತ್ತೆ, ಕಂಪನಿಯ ಎಲ್ಲ ಮೇಲ್‌ಗಳ ಕೆಳಗೂ ‘ಪ್ರಿವಿಲೇಜ್ಡ್ ಅಂಡ್ ಕಾನ್ಫಿಡೆನ್ಷಿಯಲ್’ ಅಂತ ತಾನೇತಾನಾಗಿ ಬರುವಂತೆ ಮಾಡಿಕೊಂಡಿದ್ದೀರಲ್ಲ, ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಕ್ಯಾಂಟೀನ್ ಮೆನು ಕೆಳಗೂ ಅದೇ ಸಾಲು ಇದ್ದರೆ ಯಾರು ನಂಬುತ್ತಾರೆ? ವಾಟ್ಸಾಪ್ ಗ್ರೂಪಿನಲ್ಲಿ ವಕೀಲರ ಜೊತೆ ಪಿಆರ್ ಏಜೆನ್ಸಿಯವರು, ಮರ್ಚೆಂಟ್ ಬ್ಯಾಂಕರು, ಪ್ರಮೋಟರ ಭಾವಮೈದ ಎಲ್ಲ ಸೇರಿಕೊಂಡಿದ್ದರೆ ಅಲ್ಲಿ ನಡೆದ ಮಾತಿಗೆ ಗೋಪ್ಯತೆ ಇದೆ ಅಂತ ವಾದಿಸುವುದು ನನಗೂ ಕಷ್ಟ.

ಒಳತನಿಖೆ ಮಾಡಿಸುವಾಗ ಆರಂಭದಲ್ಲೇ ಎರಡು ಕಾಗದ ಬೇರೆ ಬೇರೆ ಮಾಡಿಸಿ. ಏನು ನಡೆಯಿತು ಅನ್ನುವ ವರದಿ ಒಂದು. ಅದರಿಂದ ಕಾನೂನಿನಲ್ಲಿ ಏನಾಗುತ್ತದೆ ಅನ್ನುವ ವಕೀಲರ ಸಲಹೆ ಇನ್ನೊಂದು. ಮೊದಲನೆಯದನ್ನು ಹೇಗೂ ಕೊಡಬೇಕಾಗುತ್ತದೆ ಅಂತಲೇ ಬರೆಯಿಸಿ. ಸೆಬಿಯ ಲಿಸ್ಟಿಂಗ್ ನಿಯಮಗಳಿಗೆ 2020ರ ಅಕ್ಟೋಬರಿನಲ್ಲಿ ತಿದ್ದುಪಡಿ ಆದಮೇಲೆ ಲಿಸ್ಟೆಡ್ ಕಂಪನಿಗಳು ತಾವೇ ಫೊರೆನ್ಸಿಕ್ ಆಡಿಟ್ (ಅಕ್ರಮ ಪತ್ತೆಯ ಲೆಕ್ಕತಪಾಸಣೆ) ಶುರುಮಾಡಿದರೆ ಅದನ್ನು ಎಕ್ಸ್‌ಚೇಂಜಿಗೆ ತಿಳಿಸಬೇಕು, ಅಂತಿಮ ವರದಿಯನ್ನೂ ಹಾಕಬೇಕು. ಎರಡನ್ನೂ ಕಲಸಿ ಒಂದೇ ವರದಿ ಮಾಡಿಸಿಕೊಂಡರೆ ಸಲಹೆಯೂ ಅದರ ಜೊತೆಗೇ ಹೋಗುತ್ತದೆ.

ಕೊಡಲೇಬಾರದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕೆಲವು ಸಲ ಕೊಡುವುದೇ ಸರಿ. ಸೆಬಿ ಜೊತೆಗಿನ ಸೆಟಲ್‌ಮೆಂಟ್ (ರಾಜಿ) ಮಾತುಕತೆಯಲ್ಲಿ, ಕಂಪನಿ ಪ್ರಾಮಾಣಿಕವಾಗಿ ಸಲಹೆ ಕೇಳಿ ಅದರಂತೆಯೇ ನಡೆದಿದೆ ಅಂತ ತೋರಿಸಲು ಅಭಿಪ್ರಾಯವೇ ಒಳ್ಳೆಯ ಸಾಕ್ಷಿಯಾಗಬಹುದು. ಆಗ ಬೋರ್ಡಿನಲ್ಲಿ ಕೂತು ನಿರ್ಧರಿಸಿ, ಆ ನಿರ್ಧಾರ ದಾಖಲಿಸಿ, ಪೂರ್ತಿ ಕೊಡಿ, ಜೊತೆಗೆ ಒಂದು ಪತ್ರ ಬರೆಯಿರಿ: ಈ ಕಾಗದವನ್ನು ಈ ತನಿಖೆಗೆ ಮಾತ್ರ ಕೊಡುತ್ತಿದ್ದೇವೆ, ಬೇರೆ ಯಾರ ಎದುರೂ ನಮ್ಮ ಹಕ್ಕು ಬಿಟ್ಟುಕೊಡುತ್ತಿಲ್ಲ, ಯಾರಾದರೂ ಕೇಳಿದರೆ ಕೊಡುವ ಮುಂಚೆ ನಮಗೆ ತಿಳಿಸಿ. ಈ ಪತ್ರ ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಅನ್ನುವುದು ಆಮೇಲಿನ ಮಾತು, ಆದರೆ ಪತ್ರವೇ ಇಲ್ಲದಿದ್ದರೆ ವಾದಿಸಲೂ ಏನೂ ಇರುವುದಿಲ್ಲ.

ಅಮೆರಿಕದಲ್ಲಿ ಬ್ಯಾಂಕುಗಳ ಮಟ್ಟಿಗಾದರೂ 2006ರಲ್ಲಿ ಸಂಸತ್ತೇ ಕಾನೂನು ಮಾಡಿತು. ಬ್ಯಾಂಕಿನ ಮೇಲ್ವಿಚಾರಕರಿಗೆ ಕಾಗದ ಕೊಟ್ಟರೆ ಬೇರೆಯವರ ಎದುರು ಪ್ರಿವಿಲೇಜ್ ಹೋಗುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಸೆಬಿ ಕಾಯಿದೆಗೆ, ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ಅಂಥದ್ದೊಂದು ಉಪಸೆಕ್ಷನ್ ಸೇರಿಸಿದರೆ ಸೆಬಿಗೇ ಲಾಭ. ಕಂಪನಿಗಳು ಈಗಿನಕ್ಕಿಂತ ಮನಸ್ಸು ಬಿಚ್ಚಿ ಕೊಡುತ್ತವೆ. ಇದಕ್ಕಾಗಿ ನಮ್ಮ ಸಿಎ, ಕಂಪನಿ ಸೆಕ್ರೆಟರಿ, ವಕೀಲರ ಸಂಘಟನೆಗಳು ಒಟ್ಟಾಗಿ ಕೇಳಬೇಕು.

ಕೊನೆಯದಾಗಿ, ಕಾಗದವಲ್ಲ, ಹೇಳಿಕೆ. 11ಸಿ ಅಡಿ ಅಧಿಕಾರಿ ನಿಮ್ಮನ್ನು ಕರೆಸಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಬಹುದು, ಬರೆದುಕೊಂಡ ಹೇಳಿಕೆಗೆ ನಿಮ್ಮ ಸಹಿ ಪಡೆದು ಅದನ್ನು ನಿಮ್ಮ ವಿರುದ್ಧವೇ ಸಾಕ್ಷ್ಯವಾಗಿ ಬಳಸಬಹುದು. ಮಧ್ಯೆ ಎಲ್ಲೋ ಒಂದು ಪ್ರಶ್ನೆ ಬರುತ್ತದೆ: ‘ಇದರ ಬಗ್ಗೆ ನಿಮ್ಮ ವಕೀಲರು ಏನು ಹೇಳಿದ್ದರು?’ ಮೆಲ್ಲಗೆ, ಮಾತಿನ ಓಘದಲ್ಲೇ ಬರುತ್ತದೆ. ಅಷ್ಟೊತ್ತಿಗೆ ಎರಡು ಮೂರು ಗಂಟೆ ಕಳೆದಿರುತ್ತದೆ, ಸುಸ್ತಾಗಿರುತ್ತೀರಿ, ಒಳ್ಳೆಯ ಮಾತೇ ಹೇಳಿದ್ದರಲ್ಲ ಅಂತ ಉತ್ತರ ಕೊಡಲು ಬಾಯಿ ತೆರೆಯುತ್ತೀರಿ. ಕೊಡಬೇಡಿ. ‘ವಕೀಲರ ಜೊತೆಗಿನ ಮಾತು ಗೋಪ್ಯ, 134ನೇ ಸೆಕ್ಷನ್ ಪ್ರಕಾರ ಹೇಳಲು ನನಗೆ ಇಷ್ಟವಿಲ್ಲ, ಕಂಪನಿಯ ಪರವಾಗಿ ಹಕ್ಕು ಬಿಟ್ಟುಕೊಡಲು ನನಗೆ ಅಧಿಕಾರವೂ ಇಲ್ಲ’ ಅಂತ ವಿನಯದಿಂದ ಹೇಳಿ. ಅದು ಹೇಳಿಕೆಯಲ್ಲಿ ಹಾಗೇ ದಾಖಲಾಗಿದೆಯಾ ಅಂತ ಸಹಿ ಹಾಕುವ ಮುಂಚೆ ಓದಿ. ದಾಖಲಾಗಿಲ್ಲದಿದ್ದರೆ ನಿಮ್ಮ ಕೈಯಲ್ಲೇ ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ಆಮೇಲೆ ಸಹಿ ಮಾಡಿ.